ವಿಳಾಸ ಬದಲಾಗುವ ದಾರಿಯಲ್ಲಿ ಒಂದು ಸುರಂಗ

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರು ದೂರದಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿ ಎಂಬ ಗ್ರಾಮವಿದೆ. ೧೮೬೦ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಅಲ್ಲಿ ಕಟ್ಟಿಸಿದ ಇಗರ್ಜಿಯ ಅವಶೇಷವನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಗೊರೂರಿನ ಅಣೆಕಟ್ಟು ೧೯೭೯ರಲ್ಲಿ ಮುಗಿದ ಮೇಲೆ, ಮಳೆಗಾಲದಲ್ಲಿ ಆ ಕಟ್ಟಡವು ಅರ್ಧ ಮುಳುಗುವುದು. ಬೇಸಗೆಯಲ್ಲಿ ಅದರ ಸುತ್ತಣ ನೆಲ ಪುನಃ ಕಾಣಿಸಿಕೊಳ್ಳುವುದು. ಎಷ್ಟು ಮಳೆಗೆ ನೀರು ಎಷ್ಟು ಬೇಗ ಏರುವುದೆಂಬುದನ್ನು ನಮ್ಮ ಕಾಲೇಜಿನ ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳು ತಮ್ಮ ಪ್ರಬಂಧದ ವಿಷಯವಾಗಿ ಆರಿಸಿಕೊಂಡರು. ದಂಡೆಯಲ್ಲಿ ಒಂದು ಮಳೆಮಾಪಕವನ್ನೂ ಒಂದು ಅಳತೆಗೋಲನ್ನೂ ನಿಲ್ಲಿಸಿ, ಗೋಲಿನ ಚಿತ್ರವನ್ನು ಗಂಟೆಗೊಮ್ಮೆ ತೆಗೆಯುವ ಸಣ್ಣ ಕ್ಯಾಮರಾವನ್ನಿಟ್ಟೆವು. ಹಾಸನದ ಪ್ರಯೋಗಶಾಲೆಯ ಕಂಪ್ಯೂಟರು ಹತ್ತು ನಿಮಿಷಕ್ಕೊಮ್ಮೆ ಅಲ್ಲಿಯ ಯಂತ್ರವನ್ನು ಕೇಳಿ ಅಂಕಿಗಳನ್ನೂ ಚಿತ್ರಗಳನ್ನೂ ತರಿಸಿಕೊಳ್ಳಬೇಕೆಂಬುದು ಏರ್ಪಾಡು. ಯಂತ್ರದ ಸ್ಮರಣೆಯಲ್ಲಿ ಎರಡು ದಿನಗಳ ಲೆಕ್ಕಕ್ಕೆ ಮಾತ್ರ ಸ್ಥಳ. ಮೂರನೆಯ ದಿನದ್ದು ಬಂದರೆ ಮೊದಲನೆಯ ದಿನದ್ದು ಅಳಿದುಹೋಗುವುದು.

ಜುಲೈ ತಿಂಗಳಿನಲ್ಲಿ, ನೀರು ಏರುತ್ತಿದ್ದ ಹೊತ್ತಿಗೆ ಸರಿಯಾಗಿ, ಈ ಸಂಪರ್ಕವು ಕೈಕೊಟ್ಟಿತು. ಎರಡು ದಿನಕ್ಕೊಮ್ಮೆ ತರಗತಿಗಳನ್ನು ಬಿಟ್ಟು ಶೆಟ್ಟಿಹಳ್ಳಿಗೆ ಹೋಗಿಬರುವುದು ಆಗದ ಮಾತು. ಹನ್ನೊಂದು ದಿನಗಳ ಲೆಕ್ಕ ಹೋಯಿತು. ಹೋದದ್ದು ಬರುವುದಿಲ್ಲ, ಆದರೆ ದೋಷವನ್ನು ಹುಡುಕುವಾಗ ನಾವು ಕಲಿತ ಪಾಠವು ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ಕಲಿಯುವ ಪಾಠಕ್ಕಿಂತ ಕಡಿಮೆಯದೇನೂ ಆಗಿರಲಿಲ್ಲ. ಆದುದರಿಂದ ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇವೆ.

ಎರಡು ಊರುಗಳಲ್ಲಿರುವ ಯಂತ್ರಗಳು ಒಂದೇ ಮನೆಯಲ್ಲಿರುವಂತೆ ಮಾತನಾಡಬೇಕಾದರೆ ಹಿಂದೆ ಸ್ವಂತ ದಾರಿಯೇ ಬೇಕಾಗಿತ್ತು. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕಚೇರಿ ತೆರೆದಾಗ, ಅಮೆರಿಕೆಯೊಡನೆ ಮಾತನಾಡಲು ಉಪಗ್ರಹದ ಮೂಲಕ ತನ್ನದೇ ಸಂಪರ್ಕವನ್ನು ಏರ್ಪಡಿಸಿಕೊಂಡಿತು. ನಮ್ಮ ಹಾಸನವೇನೋ ೧೯೮೨ರಿಂದಲೂ ಉಪಗ್ರಹಗಳನ್ನು ನಿಯಂತ್ರಿಸುವ ಊರು. ಆದರೆ ಮೂವರು ವಿದ್ಯಾರ್ಥಿಗಳ ಮಳೆಮಾಪಕಕ್ಕೆ ಉಪಗ್ರಹವನ್ನು ಕೇಳುವಂತಿಲ್ಲ. ಬಡವರ ಉಪಾಯವೆಂದರೆ ಎಲ್ಲರೂ ಓಡಾಡುವ ಅಂತರಜಾಲದ ಒಳಗೇ ಒಂದು ಗುಪ್ತ ಸುರಂಗವನ್ನು ತೋಡುವುದು. ಇದಕ್ಕೆ ವಿಪಿಎನ್ ಎಂದು ಹೆಸರು. ಶೆಟ್ಟಿಹಳ್ಳಿಯ ಪ್ಯಾಕೆಟ್ಟನ್ನು ಅಲ್ಲಿಯ ರೂಟರು ಗೂಢಲಿಪಿಗೆ ತಿರುಗಿಸಿ, ಮುಚ್ಚಿ, ಮೇಲೆ ಹೊಸ ವಿಳಾಸ ಬರೆದು ಕಳುಹಿಸುವುದು; ಹಾಸನದ ಗೇಟ್‌ವೇ ಯಂತ್ರವು ಅದನ್ನು ಒಡೆದು ಒಳಗಿನದನ್ನು ಪ್ರಯೋಗಶಾಲೆಗೆ ಕೊಡುವುದು. ಐಪಿಸೆಕ್ ಎಂಬ ಹೆಸರಿನಲ್ಲಿ ಇದರ ನಿಯಮಗಳು ಮೊದಲು ೧೯೯೫ರಲ್ಲಿಯೂ, ತಿದ್ದಿದ ರೂಪದಲ್ಲಿ ೧೯೯೮ರಲ್ಲಿಯೂ ಪ್ರಕಟವಾದುವು.

ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ತೊಂದರೆ ಬಂದುದು ವಿಳಾಸಗಳ ಬರದಿಂದ. ಅಂತರಜಾಲದ ಹಳೆಯ ವಿಳಾಸವು ೩೨ ಬಿಟ್ಟುಗಳದು. ೨ರ ೩೨ನೆಯ ಘಾತವೆಂದರೆ ೪,೨೯,೪೯,೬೭,೨೯೬. ಜಗತ್ತಿನ ಜನಸಂಖ್ಯೆಗಿಂತ ಇದು ಕಡಿಮೆ. ೨೦೧೧ರ ಫೆಬ್ರವರಿ ೩ರಂದು ಮೂಲ ಭಂಡಾರವು ಬರಿದಾಯಿತು. ಇಂಥ ದಿನ ಬರುವುದೆಂದು ಮೊದಲೇ ಕಂಡಿದ್ದ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬವರು ೧೯೯೪ರ ಮೇ ತಿಂಗಳಿನಲ್ಲಿ ಒಂದು ಉಪಾಯವನ್ನು ಬರೆದಿಟ್ಟರು. ಅದೇ ಜಾಲವಿಳಾಸದ ಪರಿವರ್ತನೆ; ಸಂಕ್ಷೇಪವಾಗಿ ನ್ಯಾಟ್.

ನ್ಯಾಟ್ ಎಂದರೇನೆಂಬುದು ವಿದ್ಯಾರ್ಥಿನಿಲಯದಲ್ಲಿ ಇದ್ದವರಿಗೆ ಸುಲಭವಾಗಿ ತಿಳಿಯುವುದು. ನಿಲಯದಲ್ಲಿ ಇನ್ನೂರು ಮಂದಿ. ಆದರೆ ಅಂಚೆಯವನಿಗೆ ಗೊತ್ತಿರುವುದು ನಿಲಯದ ಒಂದೇ ವಿಳಾಸ. ಹನ್ನೆರಡನೆಯ ಕೋಣೆಯ ಹುಡುಗ ಕಾಗದ ಬರೆದರೆ, ಬಾಗಿಲಲ್ಲಿ ಕುಳಿತ ಗುಮಾಸ್ತನು ‘ಕೋಣೆ ೧೨’ ಎಂಬುದನ್ನು ಹೊಡೆದುಹಾಕಿ, ನಿಲಯದ ವಿಳಾಸವನ್ನೂ ಒಂದು ಕ್ರಮಸಂಖ್ಯೆಯನ್ನೂ ಬರೆದು, ‘ಇಂಥ ಸಂಖ್ಯೆ ಇಂಥ ಕೋಣೆಯದು’ ಎಂದು ತನ್ನ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವನು. ಉತ್ತರ ಬಂದಾಗ ಸಂಖ್ಯೆಯನ್ನು ನೋಡಿ ಕೋಣೆಗೆ ತಲಪಿಸುವನು. ಈ ಕ್ರಮಸಂಖ್ಯೆಯೇ ಪೋರ್ಟ್ ಸಂಖ್ಯೆ. ಕೋಣೆಯ ಸಂಖ್ಯೆಯೇ ೧೯೨.೧೬೮ ಎಂದೋ ೧೦ ಎಂದೋ ಮೊದಲಾಗುವ ಒಳವಿಳಾಸ. ಇಂಥವು ಎಲ್ಲ ನಿಲಯಗಳಲ್ಲಿಯೂ ಇರಬಹುದಾದುದರಿಂದ ಹೊರಗೆ ಇವಕ್ಕೆ ಅರ್ಥವಿಲ್ಲ. ಗುಮಾಸ್ತನ ಎರಡು ಗುಣಗಳನ್ನು ವಾಚಕರು ಜ್ಞಾಪಕದಲ್ಲಿಡಬೇಕು. ಒಳಗಿನಿಂದ ಮೊದಲು ಕಾಗದ ಹೋಗದಿದ್ದರೆ ಹೊರಗಿನದನ್ನು ಅವನು ಯಾರಿಗೂ ಕೊಡುವುದಿಲ್ಲ. ಸ್ವಲ್ಪ ಹೊತ್ತು ಕಾಗದವೇ ಓಡಾಡದಿದ್ದರೆ ಆ ಗುರುತನ್ನು ಪುಸ್ತಕದಿಂದ ಅಳಿಸಿಬಿಡುವನು.

ಈಗ ಸುರಂಗದ ಕಷ್ಟವನ್ನು ನೋಡೋಣ. ಐಪಿಸೆಕ್‌ನಲ್ಲಿ ಎರಡು ಬಗೆಯ ಲಕೋಟೆಗಳುಂಟು. ಎಎಚ್ ಎಂಬ ಬಗೆಯಲ್ಲಿ ಕಳುಹಿಸಿದವನ ವಿಳಾಸವೂ ಸೇರಿದಂತೆ ಮೇಲೆಲ್ಲ ಅರಗಿನ ಮುದ್ರೆ ಬೀಳುವುದು. ಗುಮಾಸ್ತನು ವಿಳಾಸವನ್ನು ತಿದ್ದಿದೊಡನೆ ಮುದ್ರೆ ಒಡೆಯುವುದು. ಪಡೆದವನು ‘ಇದು ಖೋಟಾ’ ಎಂದು ಎಸೆಯುವನು. ಆದುದರಿಂದ ನ್ಯಾಟ್ ಇರುವ ದಾರಿಯಲ್ಲಿ ಎಎಚ್ ನಡೆಯಲಾರದು; ಇದಕ್ಕೆ ಮದ್ದಿಲ್ಲ. ಇಎಸ್‌ಪಿ ಎಂಬ ಎರಡನೆಯ ಬಗೆಯಲ್ಲಿ ಮುದ್ರೆಯು ಹೊರವಿಳಾಸವನ್ನು ಮುಟ್ಟುವುದಿಲ್ಲ. ಆದರೆ ಅದರ ಮೇಲೆ ಪೋರ್ಟ್ ಸಂಖ್ಯೆ ಬರೆಯಲು ಜಾಗವೇ ಇಲ್ಲ. ಒಂದೇ ಮನೆಯಿಂದ ಇಬ್ಬರು ಇಂಥ ಲಕೋಟೆ ಕಳುಹಿಸಿದರೆ ಉತ್ತರ ಯಾರದೆಂದು ಗುಮಾಸ್ತನಿಗೆ ತಿಳಿಯದು.

೨೦೦೫ರ ಜನವರಿಯಲ್ಲಿ ಪ್ರಕಟವಾದ ನಿಯಮಗಳು ಇದಕ್ಕೆ ಸರಳವಾದ ಪರಿಹಾರವನ್ನು ಕೊಟ್ಟುವು: ಮುಚ್ಚಿದ ಲಕೋಟೆಯನ್ನು ಮತ್ತೊಂದು ಸಾಮಾನ್ಯ ಲಕೋಟೆಯೊಳಗಿಟ್ಟು, ಅದರ ಮೇಲೆ ಯುಡಿಪಿ ಪೋರ್ಟ್ ೪೫೦೦ ಎಂದು ಬರೆಯುವುದು. ದಾರಿಯಲ್ಲಿ ನ್ಯಾಟ್ ಇದೆಯೆಂದು ತಿಳಿಯುವ ಬಗೆಯೂ ಚಮತ್ಕಾರವಾದುದು. ಮೊದಲ ಮಾತುಕತೆ ಪೋರ್ಟ್ ೫೦೦ರಲ್ಲಿ ನಡೆಯುವುದು. ಆಗ ಇಬ್ಬರೂ ತಾವು ಬಲ್ಲ ವಿಳಾಸ ಮತ್ತು ಪೋರ್ಟುಗಳಿಂದ ಒಂದು ಸಂಕೇತಸಂಖ್ಯೆಯನ್ನು ಲೆಕ್ಕ ಹಾಕಿ ಒಳಗಿಟ್ಟು ಕಳುಹಿಸುವರು. ಪಡೆದವನು ಲಕೋಟೆಯ ಮೇಲೆ ತನಗೆ ಕಂಡ ವಿಳಾಸದಿಂದ ಅದೇ ಲೆಕ್ಕವನ್ನು ಮಾಡುವನು. ಎರಡೂ ಒಂದೇ ಆದರೆ ದಾರಿ ನೇರವಾಗಿದೆ; ಬೇರೆಯಾದರೆ ನಡುವೆ ಯಾರೋ ವಿಳಾಸವನ್ನು ತಿದ್ದಿದ್ದಾರೆ. ಕೂಡಲೆ ಇಬ್ಬರೂ ೫೦೦ನ್ನು ಬಿಟ್ಟು ೪೫೦೦ಕ್ಕೆ ಸರಿಯುವರು.

ನಮ್ಮ ದಾರಿಯಲ್ಲಿ ಇಂಥ ಗುಮಾಸ್ತರು ಎಷ್ಟು ಮಂದಿ? ದೋಷವನ್ನು ಹುಡುಕುವವನು ಮೊದಲು ಕೇಳಬೇಕಾದ ಪ್ರಶ್ನೆಯಿದು. ನಾವು ಕೊನೆಗೆ ಕೇಳಿದೆವು. ಹಾಸನದಲ್ಲಿ ಸಂಪರ್ಕ ಕೊಟ್ಟವರ ಪೆಟ್ಟಿಗೆಯದು ಒಂದು. ಶೆಟ್ಟಿಹಳ್ಳಿಯಲ್ಲಿ ರೂಟರಿನ ಮುಂದೆ ಸಿಮ್ ಹಾಕಿದ ಪೆಟ್ಟಿಗೆಯದು ಇನ್ನೊಂದು. ಆ ಪೆಟ್ಟಿಗೆಯ ಹೊರವಿಳಾಸವನ್ನು ನೋಡಿದರೆ ಅದು ೧೦೦.೭೨ ಎಂದು ಮೊದಲಾಗುತ್ತಿತ್ತು. ೧೦೦.೬೪ರಿಂದ ೧೦೦.೧೨೭ರವರೆಗಿನ ವಿಳಾಸಗಳನ್ನು ೨೦೧೨ರ ಏಪ್ರಿಲ್‌ನಲ್ಲಿ ಸಂಪರ್ಕ ಕೊಡುವ ಕಂಪನಿಗಳ ಒಳಬಳಕೆಗೆಂದೇ ಮೀಸಲಿಟ್ಟಿದ್ದಾರೆ. ಎಂದ ಮೇಲೆ ಕಂಪನಿಯೊಳಗೆ ಮೂರನೆಯ ಗುಮಾಸ್ತನೂ ಉಂಟು. ಅವನ ಪುಸ್ತಕಕ್ಕೆ ನಮ್ಮ ಕೈ ಸೋಕುವುದಿಲ್ಲ. ಇದರಿಂದ ಒಂದು ಮಾತು ನಿಶ್ಚಯವಾಯಿತು: ಹಾಸನದಿಂದ ಶೆಟ್ಟಿಹಳ್ಳಿಯನ್ನು ಎಂದಿಗೂ ಮೊದಲು ಕರೆಯಲಾಗದು, ಶೆಟ್ಟಿಹಳ್ಳಿಯೇ ಮೊದಲು ಕರೆಯಬೇಕು, ಹಾಸನವು ಕಾದಿದ್ದು ಓಗೊಡಬೇಕು. ನಾವು ಎರಡು ಕಡೆಯೂ ಕರೆಯುವಂತೆ ಇಟ್ಟಿದ್ದೆವು. ಹಾಸನದ ವ್ಯರ್ಥ ಕೂಗುಗಳಿಂದ ದಿನಚರಿಯ ಪುಟಗಳು ತುಂಬಿ, ನಿಜವಾದ ದೋಷವು ಅವುಗಳ ನಡುವೆ ಮರೆಯಾಗಿತ್ತು.

ಮೊದಲ ನಾಲ್ಕು ದಿನ ಸುರಂಗವು ತೆರೆಯಲೇ ಇಲ್ಲ. ಪೆಟ್ಟಿಗೆಗಳನ್ನು ಆರಿಸಿ ಹೊತ್ತಿಸುವುದು, ಗುಪ್ತಪದವನ್ನು ಮತ್ತೆ ಮತ್ತೆ ಬರೆಯುವುದು — ಎಲ್ಲರೂ ಮಾಡುವುದನ್ನೆಲ್ಲ ನಾವೂ ಮಾಡಿದೆವು. ಐದನೆಯ ದಿನ ವಿದ್ಯಾರ್ಥಿಯೊಬ್ಬನು, ‘ಸರ್, ಪ್ಯಾಕೆಟ್ಟು ಎಲ್ಲಿಯವರೆಗೆ ಬರುತ್ತಿದೆಯೆಂದು ನೋಡೋಣವೇ?’ ಎಂದನು. ಇದೇ ಮೊದಲು ಮಾಡಬೇಕಾಗಿದ್ದ ಕೆಲಸ. ವಿದ್ಯುನ್ಮಂಡಲ ಕೆಲಸ ಮಾಡದಿದ್ದರೆ ವೋಲ್ಟ್‌ಮೀಟರನ್ನು ಬಿಂದುವಿನಿಂದ ಬಿಂದುವಿಗೆ ಇಟ್ಟು ನೋಡುವುದಿಲ್ಲವೇ? ಜಾಲದ ವೋಲ್ಟ್‌ಮೀಟರೆಂದರೆ, ೧೯೮೮ರಲ್ಲಿ ಬರ್ಕ್ಲಿಯ ಲಾರೆನ್ಸ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟಿಸಿಪಿಡಂಪ್ ಎಂಬ ಸಾಧನ. ಯಂತ್ರದ ಬಾಗಿಲಲ್ಲಿ ಹೋಗಿಬರುವ ಪ್ರತಿ ಪ್ಯಾಕೆಟ್ಟನ್ನೂ ಅದು ಬರೆದು ತೋರಿಸುವುದು. ಒಬ್ಬನನ್ನು ಶೆಟ್ಟಿಹಳ್ಳಿಗೆ ಕಳುಹಿಸಿ, ಎರಡು ತುದಿಗಳಲ್ಲಿಯೂ ಏಕಕಾಲಕ್ಕೆ ನೋಡಿದೆವು.

ಪೋರ್ಟ್ ೫೦೦ರಲ್ಲಿ ಒಂದು ಪ್ರಶ್ನೆ ಹೋಯಿತು, ಒಂದು ಉತ್ತರ ಬಂದಿತು. ಆಮೇಲೆ ಶೆಟ್ಟಿಹಳ್ಳಿಯಿಂದ ೪೫೦೦ಕ್ಕೆ ಪ್ಯಾಕೆಟ್ಟುಗಳು ಹೊರಡುತ್ತಲೇ ಇದ್ದುವು. ಹಾಸನದ ಗೇಟ್‌ವೇಯಲ್ಲಿ ಒಂದೂ ಕಾಣಲಿಲ್ಲ. ಇಷ್ಟು ಕಂಡ ಮೇಲೆ ಊಹೆಗೆ ಎಡೆಯೆಲ್ಲಿ? ಹಾಸನದ ಪೆಟ್ಟಿಗೆಯಲ್ಲಿ ೫೦೦ನೆಯ ಪೋರ್ಟನ್ನು ಗೇಟ್‌ವೇಗೆ ತಲಪಿಸುವಂತೆ ಬರೆದಿದ್ದವರು ೪೫೦೦ನ್ನು ಬರೆಯಲು ಮರೆತಿದ್ದರು. ಮರೆತವರು ನಾವೇ. ನ್ಯಾಟ್ ದಾರಿಯ ಸುರಂಗಗಳಲ್ಲಿ ‘ಮೊದಲ ಎರಡು ಮಾತು ಆಯಿತು, ಆಮೇಲೆ ಮೌನ’ ಎಂಬ ಲಕ್ಷಣವನ್ನು ಕಂಡರೆ, ಬೇರೆ ಯಾವುದನ್ನೂ ಮುಟ್ಟುವ ಮೊದಲು ೪೫೦೦ನ್ನು ನೋಡುವುದು ಲೇಸು.

ಅದನ್ನು ತೆರೆದೊಡನೆ ಮತ್ತೊಂದು ಅಡ್ಡಿ. ಈಗ ಹಾಸನವು ಉತ್ತರ ಕೊಟ್ಟಿತು. ಆದರೆ ‘ನೀನು ಯಾರೋ ನನಗೆ ಗೊತ್ತಿಲ್ಲ’ ಎಂಬ ಉತ್ತರ. ಶೆಟ್ಟಿಹಳ್ಳಿಯ ಗುರುತಾಗಿ, ಯಂತ್ರವನ್ನು ಇಟ್ಟ ದಿನ ಹೊರಗಿನಿಂದ ಕಂಡ ವಿಳಾಸವನ್ನು ನಾವು ಬರೆದಿದ್ದೆವು. ಅಲ್ಲಿಯ ರೂಟರಾದರೋ ತನಗೆ ಗೊತ್ತಿರುವ ೧೯೨.೧೬೮.೮.೧೦೦ ಎಂಬ ಒಳವಿಳಾಸವನ್ನೇ ತನ್ನ ಗುರುತೆಂದು ಹೇಳುತ್ತಿತ್ತು. ಕೋಣೆಯ ಹುಡುಗನಿಗೆ ನಿಲಯದ ಹೊರವಿಳಾಸ ಗೊತ್ತಿರಬೇಕಾಗಿಲ್ಲವಷ್ಟೆ. ಗುರುತಿಗೆ ವಿಳಾಸವನ್ನು ಬಿಟ್ಟು ಎರಡು ಕಡೆಯೂ ಒಂದು ಹೆಸರನ್ನಿಟ್ಟೆವು. ಸುರಂಗ ತೆರೆಯಿತು.

ತೆರೆದ ಸುರಂಗದೊಳಗೆ ಮಾತ್ರ ಏನೂ ಹರಿಯಲಿಲ್ಲ! ಇಲ್ಲಿ ನೋಡಬೇಕಾದುದು ಸುರಂಗದ ಎರಡು ಎಣಿಕೆಗಳನ್ನು: ಎಷ್ಟು ಬೈಟುಗಳು ಒಳಹೊಕ್ಕುವು, ಎಷ್ಟು ಹೊರಬಂದುವು. ಹಾಸನದಲ್ಲಿ ಒಳಹೊಕ್ಕದ್ದೇ ಸೊನ್ನೆ. ಕಾರಣವೇನೆಂದರೆ, ಕಾಲೇಜಿನ ಗೇಟ್‌ವೇ ತಾನೂ ಒಬ್ಬ ಗುಮಾಸ್ತನಾಗಿತ್ತು. ಪ್ರಯೋಗಶಾಲೆಯಿಂದ ಹೊರಡುವ ಪ್ರತಿಯೊಂದು ಪ್ಯಾಕೆಟ್ಟಿನ ವಿಳಾಸವನ್ನೂ ಅದು ಮೊದಲು ತಿದ್ದಿ, ಆಮೇಲೆ ‘ಇದು ಸುರಂಗಕ್ಕೆ ಸೇರಿದ್ದೇ?’ ಎಂದು ನೋಡುತ್ತಿತ್ತು. ತಿದ್ದಿದ ವಿಳಾಸವು ಸುರಂಗದ ಪಟ್ಟಿಯಲ್ಲಿಲ್ಲ. ಆದುದರಿಂದ ಪ್ಯಾಕೆಟ್ಟು ಬಯಲು ದಾರಿಗೆ ಬಿದ್ದು ಎಲ್ಲಿಯೋ ಕಳೆದುಹೋಗುತ್ತಿತ್ತು. ಶೆಟ್ಟಿಹಳ್ಳಿಗೆ ಹೋಗುವುದನ್ನು ತಿದ್ದಬಾರದೆಂಬ ವಿನಾಯಿತಿಯನ್ನು ತಿದ್ದುವ ನಿಯಮಕ್ಕಿಂತ ಮೇಲೆ ಬರೆದ ಕೂಡಲೆ ಮಳೆಯ ಅಂಕಿಗಳು ಬರತೊಡಗಿದುವು. (ಎರಡು ಊರಿನಲ್ಲಿಯೂ ೧೯೨.೧೬೮.೧ ಎಂದೇ ಒಳವಿಳಾಸಗಳನ್ನಿಟ್ಟುಕೊಂಡು ಸುರಂಗ ತೋಡುವವರೂ ಉಂಟು. ಅಂಥವರಿಗೆ ಒಂದು ಕಡೆಯ ವಿಳಾಸಗಳನ್ನು ಬದಲಾಯಿಸಿ ಎಂಬುದಲ್ಲದೆ ನಮಗೆ ಬೇರೆ ಸಲಹೆ ತೋರದು.)

ಅಂಕಿಗಳು ಬಂದುವು, ಚಿತ್ರಗಳು ಬರಲಿಲ್ಲ. ಸಣ್ಣದು ಹೋಗುವುದು, ದೊಡ್ಡದು ಸಿಕ್ಕಿಕೊಳ್ಳುವುದು — ಈ ಲಕ್ಷಣವನ್ನು ಕಂಡರೆ ಲೆಕ್ಕದ ಹಾಳೆಯನ್ನು ತೆಗೆದುಕೊಳ್ಳಬೇಕು. ದಾರಿಯು ಒಮ್ಮೆಗೆ ಹೊರುವ ಪ್ಯಾಕೆಟ್ಟಿನ ಮಿತಿ ಸಾಮಾನ್ಯವಾಗಿ ೧೫೦೦ ಬೈಟುಗಳು. ನಮ್ಮ ಸುರಂಗದಲ್ಲಿ ಮೇಲುಹೊದಿಕೆಯ ಖರ್ಚು ಹೀಗಿತ್ತು: ಹೊಸ ವಿಳಾಸದ ತಲೆಬರಹಕ್ಕೆ ೨೦, ಯುಡಿಪಿಗೆ ೮, ಇಎಸ್‌ಪಿಗೆ ೮, ಗೂಢಲಿಪಿಯ ಆರಂಭಬೀಜಕ್ಕೆ ೧೬, ಕೊನೆಯ ಮುದ್ರೆಗೆ ೧೬, ಒಟ್ಟು ೬೮. ಒಳಗಿನ ಪ್ಯಾಕೆಟ್ಟಿಗೆ ೨ ಬೈಟು ಸೇರಿಸಿ, ೧೬ರ ಅಪವರ್ತ್ಯವಾಗುವಂತೆ ಜೊಳ್ಳು ತುಂಬುವುದು ಎಇಎಸ್ ಗೂಢಲಿಪಿಯ ನಾವು ಬಳಸಿದ ಕ್ರಮದ ನಿಯಮ. ಕ್ಯಾಮರಾ ಕಳುಹಿಸಿದುದು ೧೫೦೦ರ ಪ್ಯಾಕೆಟ್ಟು; ಎರಡು ಸೇರಿ ೧೫೦೨; ಜೊಳ್ಳು ತುಂಬಿ ೧೫೦೪; ಹೊದಿಕೆ ಸೇರಿ ೧೫೭೨. ಬಾಗಿಲು ೧೫೦೦, ಮೂಟೆ ೧೫೭೨!

ರೂಟರು ಮೂಟೆಯನ್ನು ಎರಡು ತುಂಡು ಮಾಡಿತು. ಮೊದಲ ತುಂಡಿನ ಮೇಲೆ ಪೋರ್ಟ್ ಸಂಖ್ಯೆಯಿರುವುದು. ಎರಡನೆಯದರ ಮೇಲೆ ಇರುವುದಿಲ್ಲ. ಪೋರ್ಟ್ ನೋಡಿ ಕೆಲಸ ಮಾಡುವ ಗುಮಾಸ್ತನು ಇಂಥ ತುಂಡುಗಳನ್ನು ಕೂಡಿಸಿ ನೋಡುವಷ್ಟು ಸಹನೆಯುಳ್ಳವನಾಗಿದ್ದರೆ ಸರಿ, ಇಲ್ಲವಾದರೆ ಎಸೆಯುವನು. ನಮ್ಮ ದಾರಿಯಲ್ಲಿ ಎಸೆಯುವವನೇ ಇದ್ದನು: ಶೆಟ್ಟಿಹಳ್ಳಿಯಲ್ಲಿ ತುಂಡುಗಳು ಜೋಡಿಜೋಡಿಯಾಗಿ ಹೊರಡುವುದು ಕಂಡಿತು, ಹಾಸನದಲ್ಲಿ ಒಂದೂ ಕಾಣಲಿಲ್ಲ.

ಹಾಗಾದರೆ ಎಷ್ಟು ದೊಡ್ಡದು ಹೋಗಬಲ್ಲದು? ೧೫೦೦ರಲ್ಲಿ ೬೮ ಕಳೆದರೆ ೧೪೩೨. ಅದಕ್ಕೆ ಮೀರದ ೧೬ರ ಅಪವರ್ತ್ಯ ೧೪೨೪. ಅದರಲ್ಲಿ ೨ ಕಳೆದರೆ ೧೪೨೨. ಇದನ್ನು ಪಿಂಗ್‌ನಿಂದ ಪರೀಕ್ಷಿಸಬಹುದು: ಪಿಂಗ್ ಪ್ಯಾಕೆಟ್ಟಿನ ತಲೆಬರಹಗಳು ೨೮ ಬೈಟು, ಉಳಿದದ್ದು ೧೩೯೪. ವಿದ್ಯಾರ್ಥಿಗಳು ೧೩೯೪ನ್ನು ಕಳುಹಿಸಿದರು, ಉತ್ತರ ಬಂದಿತು; ೧೩೯೫ನ್ನು ಕಳುಹಿಸಿದರು, ಬರಲಿಲ್ಲ. ಹಾಳೆಯ ಮೇಲಿನ ಲೆಕ್ಕವು ಇಪ್ಪತ್ತು ಕಿಲೋಮೀಟರು ಆಚೆಯ ಯಂತ್ರದಲ್ಲಿ ಒಂದು ಬೈಟಿನವರೆಗೆ ಸರಿಹೋದಾಗ ಪ್ರಯೋಗಶಾಲೆಯಲ್ಲಿ ಎದ್ದ ಕೂಗನ್ನು ಪಕ್ಕದ ರಸಾಯನಶಾಸ್ತ್ರದವರು ಇನ್ನೂ ಮರೆತಿಲ್ಲ. ಟಿಸಿಪಿಯ ತಲೆಬರಹಗಳಿಗೆ ೪೦ ಬಿಟ್ಟರೆ ಒಳಗೆ ಹಿಡಿಯುವುದು ೧೩೮೨. ಮೊಬೈಲ್ ದಾರಿಯು ಕೆಲವೊಮ್ಮೆ ಇನ್ನೂ ಕಿರಿದಾಗಬಹುದೆಂದು, ಸಂಪರ್ಕ ಬೆಳೆಸುವಾಗಲೇ ‘೧೩೫೦ಕ್ಕಿಂತ ಹೆಚ್ಚು ತುಂಬಬೇಡ’ ಎಂದು ರೂಟರು ಎರಡು ಕಡೆಯವರಿಗೂ ಹೇಳುವಂತೆ ಮಾಡಿದೆವು. ಚಿತ್ರಗಳು ಬಂದುವು.

ಕೊನೆಯ ದೋಷವು ಎಲ್ಲಕ್ಕಿಂತ ಮೋಸದ್ದು. ಹಗಲೆಲ್ಲ, ನಾವು ನೋಡುತ್ತಿರುವಾಗ, ಎಲ್ಲವೂ ಸರಿ. ರಾತ್ರಿ ನಿಲ್ಲುವುದು. ಬೆಳಿಗ್ಗೆ ಬಂದು ನೋಡಿದರೆ ಶೆಟ್ಟಿಹಳ್ಳಿಯ ರೂಟರು ಸುರಂಗವು ಕ್ಷೇಮವೆಂದು ಹೇಳುವುದು. ಹಾಸನದ್ದು ಆ ಕಡೆಯಿಂದ ಉತ್ತರವಿಲ್ಲವೆನ್ನುವುದು. ಒಂದು ರಾತ್ರಿ ಹಾಸನದಲ್ಲಿ ಟಿಸಿಪಿಡಂಪನ್ನು ಓಡಲು ಬಿಟ್ಟು ಮನೆಗೆ ಹೋದೆವು. ಮರುದಿನ ಓದಿದಾಗ ಕಂಡದ್ದಿಷ್ಟು: ಸಂಜೆ ಶೆಟ್ಟಿಹಳ್ಳಿಯ ಪ್ಯಾಕೆಟ್ಟುಗಳ ಮೇಲೆ ಇದ್ದ ಹೊರ ಪೋರ್ಟ್ ಸಂಖ್ಯೆಯೇ ಬೇರೆ, ರಾತ್ರಿಯದೇ ಬೇರೆ. ಹಾಸನವು ಮಾತ್ರ ಹಳೆಯ ಸಂಖ್ಯೆಗೇ ಪ್ರಶ್ನೆಗಳನ್ನು ಕಳುಹಿಸುತ್ತ ಕುಳಿತಿತ್ತು.

ಗುಮಾಸ್ತನ ಎರಡನೆಯ ಗುಣವು ಇಲ್ಲಿ ತಲೆಯೆತ್ತಿತು. ಯುಡಿಪಿಯ ಗುರುತನ್ನು ಎರಡು ನಿಮಿಷಕ್ಕೆ ಮೊದಲು ಅಳಿಸಬಾರದೆಂದು ೨೦೦೭ರ ನಿಯಮವೊಂದು ಹೇಳುವುದಾದರೂ, ಅರ್ಧ ನಿಮಿಷಕ್ಕೇ ಅಳಿಸುವ ಯಂತ್ರಗಳು ಹಲವಿವೆ. ಹಗಲು ನಮ್ಮ ಪರೀಕ್ಷೆಗಳ ಓಡಾಟದಿಂದ ಗುರುತು ಉಳಿಯುತ್ತಿತ್ತು. ರಾತ್ರಿ ಹತ್ತು ನಿಮಿಷಕ್ಕೊಂದು ಪ್ರಶ್ನೆ. ಅದು ಬರುವ ಹೊತ್ತಿಗೆ ಪುಸ್ತಕದಲ್ಲಿ ನಮ್ಮ ಹೆಸರಿಲ್ಲ. ಇದನ್ನು ತಡೆಯಲೆಂದೇ ನ್ಯಾಟಿನ ಹಿಂದಿರುವ ಯಂತ್ರವು ೨೦ ಸೆಕೆಂಡಿಗೊಮ್ಮೆ ಒಂದು ಬೈಟಿನ ‘ಇದ್ದೇನೆ’ ಎಂಬ ಪ್ಯಾಕೆಟ್ಟನ್ನು ಕಳುಹಿಸುವ ವಾಡಿಕೆಯುಂಟು. ಪಡೆದವನು ಅದನ್ನು ಓದುವುದೂ ಇಲ್ಲ. ಅದು ದಾರಿಯ ಗುಮಾಸ್ತನನ್ನು ಎಚ್ಚರವಾಗಿಡುವುದಕ್ಕೆ ಮಾತ್ರ. ಸಿಮ್ಮಿನ ದತ್ತಾಂಶ ಉಳಿಯಲೆಂದು ನಾವು ಆ ೨೦ ಸೆಕೆಂಡನ್ನು ಐದು ನಿಮಿಷಕ್ಕೆ ಏರಿಸಿದ್ದೆವು.

ಉಳಿಸಿದ್ದೆಷ್ಟು? ವಿಳಾಸಕ್ಕೆ ೨೦, ಯುಡಿಪಿಗೆ ೮, ತಿರುಳು ೧. ಒಟ್ಟು ೨೯ ಬೈಟು. ದಿನಕ್ಕೆ ೮೬,೪೦೦ ಸೆಕೆಂಡು. ೨೦ರಿಂದ ಭಾಗಿಸಿದರೆ ೪,೩೨೦ ಸಲ. ಗುಣಿಸಿದರೆ ೧,೨೫,೨೮೦ ಬೈಟು. ತಿಂಗಳಿಡೀ ಕಳುಹಿಸಿದರೂ ನಾಲ್ಕು ಮೆಗಾಬೈಟು ಆಗದು. ಅಳತೆಗೋಲಿನ ಕೆಲವೇ ಚಿತ್ರಗಳಷ್ಟು. ಈ ಗುಣಾಕಾರವನ್ನು ಮೊದಲೇ ಮಾಡದೆ ಹೋದುದಕ್ಕೆ ಅಧ್ಯಾಪಕರಾದ ನಾವು ವಿದ್ಯಾರ್ಥಿಗಳೆದುರಿಗೆ ಸ್ವಲ್ಪ ತಲೆ ತಗ್ಗಿಸಬೇಕಾಯಿತು.

ಐಪಿಯ ಆರನೆಯ ಆವೃತ್ತಿಯಲ್ಲಿ ವಿಳಾಸವು ೧೨೮ ಬಿಟ್ಟುಗಳದು. ಅಲ್ಲಿ ಯಂತ್ರಕ್ಕೊಂದು ವಿಳಾಸವನ್ನು ಕೊಡಬಹುದಾದುದರಿಂದ ಗುಮಾಸ್ತರ ಅಗತ್ಯ ತಪ್ಪುವುದು. ಎರಡು ತುದಿಗಳಲ್ಲಿಯೂ ಅದು ದೊರೆತರೆ ಸುರಂಗವನ್ನು ಅದರ ಮೇಲೆಯೇ ತೋಡುವುದು ಜಾಣತನ. ನಮ್ಮ ಸಿಮ್ಮಿನಲ್ಲಿ ಅದು ದೊರೆಯಿತು, ಕಾಲೇಜಿನ ಸಂಪರ್ಕದಲ್ಲಿ ದೊರೆಯಲಿಲ್ಲ.

ಪೋರ್ಟ್ ೪೫೦೦, ಗುರುತಿನ ಹೆಸರು, ವಿನಾಯಿತಿಯ ನಿಯಮ, ೧೩೫೦, ೨೦ ಸೆಕೆಂಡು ಎಂಬಿವನ್ನು ಒಂದು ಚೀಟಿಯಲ್ಲಿ ಬರೆದು ವಿದ್ಯಾರ್ಥಿಗಳು ಶೆಟ್ಟಿಹಳ್ಳಿಯ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದಾರೆ. ಪ್ರಬಂಧದ ನಕ್ಷೆಯಲ್ಲಿ ನೀರಿನ ಏರಿಕೆಯ ಗೆರೆಯು ಜುಲೈ ತಿಂಗಳಿನಲ್ಲಿ ಹನ್ನೊಂದು ದಿನ ತುಂಡಾಗಿದೆ. ಎರಡು ತುದಿಗಳನ್ನು ಚುಕ್ಕೆಗಳಿಂದ ಕೂಡಿಸಬಹುದೇ ಎಂದು ಅವರು ಕೇಳಿದರು. ಬೇಡವೆಂದೆವು, ಆ ಜಾಗವನ್ನು ಖಾಲಿ ಬಿಟ್ಟು, ಕೆಳಗೆ ಕಾರಣವನ್ನು ಬರೆದಿದ್ದಾರೆ.